ಎಡಮಗ್ಗುಲಿನ ಮಾತು

ಆ ಬೀದಿಯಲ್ಲಿ ನಲ್ಲಿಯಣ್ಣನ ಗೊರಕೆ ಕೇಳದವರು ಯಾರಾದರೂ ಇದ್ದರೆ ಅದು ಅವನ ಹೆಂಡತಿ ಒಬ್ಬಳೇ. ಅವಳಿಗೆ ಕಿವಿ ಕೇಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಗಿತ್ತು. ಅಷ್ಟರೊಳಗೆ ಮಾತು ಬಲಿತಿದ್ದರಿಂದ ಅದೊಂದು ಉಳಿಯಿತು, ಸ್ವಲ್ಪ ರಾಗ ತಪ್ಪಿದ ಹಾಗೆ, ಆದರೆ ಒಂದಕ್ಷರವೂ ಕಡಿಮೆಯಿಲ್ಲದ ಹಾಗೆ. "ಇವನಿಗೆ ಇವಳೇ ಸರಿ, ಬೇರೆ ಯಾರಾಗಿದ್ರೂ ಮಾರನೇ ದಿನವೇ ತವರಿಗೆ ಓಡ್ತಿದ್ರು" ಎಂದು ಬೀದಿಯವರು ನಗುತ್ತಿದ್ದರು. ನಲ್ಲಿಯಣ್ಣನೂ ಅವರ ಜೊತೆ ನಗುತ್ತಿದ್ದ. ನಗುತ್ತ ನಗುತ್ತಲೇ ಕೂತಲ್ಲಿ ತೂಕಡಿಸುತ್ತಿದ್ದ.

ನಲ್ಲಿಯಣ್ಣ ಎಂಬುದು ಕಸುಬು ಕೊಟ್ಟ ಹೆಸರು. ನೀರು ಹರಿಯಬೇಕಾದಲ್ಲಿ ಹರಿಯದಿದ್ದರೆ, ಹರಿಯಬಾರದ ಕಡೆ ಹರಿದರೆ ಜನ ಅವನಿಗೆ ಫೋನು ಮಾಡುತ್ತಿದ್ದರು. ನಲ್ಲಿ, ಸಿಂಕು, ಕಮೋಡು, ಮೇಲಿನ ಟ್ಯಾಂಕು, ಕೆಳಗಿನ ಮೋರಿ, ಎಲ್ಲದರಲ್ಲೂ ಕೈ ಪಳಗಿದವನು. ಆದರೆ ಕೈ ಪಳಗಿದವರಿಗೆ ಅಂಟುವ ರೋಗ ಅವನಿಗೂ ಅಂಟಿತ್ತು: ಲೋಕದ ಎಲ್ಲ ಕೇಡಿಗೂ ತನ್ನ ಕಸುಬಿನಲ್ಲೇ ಮದ್ದಿದೆ ಎಂದು ನಂಬಿದ್ದ. "ಸೋರ್ತಿದೆ ಅಂದ್ರೆ ಎಲ್ಲೋ ಸಡಿಲ ಆಗಿದೆ. ಬಿಗಿ ಮಾಡು, ನಿಲ್ಲುತ್ತೆ" ಎನ್ನುವುದು ಅವನ ವೇದವಾಕ್ಯ. ಮಗಳ ಸಂಸಾರದಲ್ಲಿ ಯಾವುದೋ ಸಣ್ಣ ಜಗಳವಾದಾಗ ಅಳಿಯನಿಗೂ ಅದನ್ನೇ ಹೇಳಿ ಮಗಳು ಅಳಿಯ ಇಬ್ಬರಿಂದಲೂ ಬೈಸಿಕೊಂಡಿದ್ದ.

ಅವನಿಗೆ ಮೀಸೆಯಿರಲಿಲ್ಲ. ಮದುವೆಗೆ ಮೊದಲು ಇತ್ತು, ತುಟಿಯ ಮೇಲೆ ಚಪ್ಪರ ಹಾಕಿದಷ್ಟು ದಪ್ಪಗೆ. ಮೊದಲ ಸಲ ಮಾತಾಡಿಸಿದಾಗ ಅವಳು ಅವನ ಬಾಯನ್ನೇ ದಿಟ್ಟಿಸಿ ನೋಡಿ, "ನೀವು ಹೇಳೋದ್ರಲ್ಲಿ ಅರ್ಧ ಮೀಸೇನೇ ನುಂಗಿಬಿಡುತ್ತೆ" ಎಂದಿದ್ದಳು. ಮರುದಿನವೇ ಬೋಳಿಸಿಕೊಂಡು ಬಂದ. "ಮದುವೆಗೆ ಮೊದಲೇ ಮೀಸೆ ಮಣ್ಣಾಯ್ತಲ್ಲೋ!" ಎಂದು ಗೆಳೆಯರು ರೇಗಿಸಿದರೆ ತಲೆ ಕೆಡಿಸಿಕೊಳ್ಳಲಿಲ್ಲ. ತುಟಿ ನೋಡಿ ಮಾತು ತಿಳಿಯುವವಳು ಅವಳು. ತುಟಿ ಕಾಣದಿದ್ದರೆ ಅವಳ ಪಾಲಿಗೆ ಗಂಡ ಇದ್ದೂ ಮೂಗನೇ.

ಹಗಲಲ್ಲಿ ಇಬ್ಬರಿಗೂ ಪುರುಸೊತ್ತಿರಲಿಲ್ಲ. ಅವಳು ಬಟ್ಟೆ ಕಾರ್ಖಾನೆಯಲ್ಲಿ ಕಟಿಂಗ್ ಮೇಜಿನ ಕೆಲಸದವಳು. ಒಂದರ ಮೇಲೊಂದು ಹಾಸಿದ ಬಟ್ಟೆಯ ರಾಶಿಯನ್ನು ನೆಟ್ಟಗೆ ನಿಂತ ಕರೆಂಟಿನ ಬ್ಲೇಡಿನಲ್ಲಿ ಗೆರೆ ತಪ್ಪದಂತೆ ಕತ್ತರಿಸಬೇಕು. ಎಡಗೈಗೆ ಉಕ್ಕಿನ ಹೆಣಿಗೆಯ ಗ್ಲೌಸು, ಎದುರಿಗೆ ಗೆರೆ, ಅಷ್ಟೇ ಅವಳ ಹಗಲು. ಸಂಜೆ ಅಡುಗೆ, ಊಟ. ಊಟದ ಹೊತ್ತಿನಲ್ಲಿ ಬಾಯಿ ತುಂಬಿರುತ್ತದೆ, ತುಂಬಿದ ಬಾಯಿಯ ಮಾತು ಅವಳಿಗೆ ಓದಲು ಬಾರದು. ಹಾಗಾಗಿ ಗಂಡ ಹೆಂಡತಿಯ ಮಾತುಕತೆಯೆಲ್ಲ ಹಾಸಿಗೆಗೆ ಬಂದ ಮೇಲೆಯೇ. ಅವನು ಎಡಮಗ್ಗುಲಿಗೆ, ಅವಳು ಬಲಮಗ್ಗುಲಿಗೆ, ಮುಖಕ್ಕೆ ಮುಖ. ಅವಳ ಬೆನ್ನ ಹಿಂದೆ ಕಿಟಕಿಯ ಕಟ್ಟೆಯ ಮೇಲೆ ಒಂದು ಸಣ್ಣ ದೀಪ. ಅದರ ಬೆಳಕು ನೇರವಾಗಿ ಅವನ ಬಾಯಿಯ ಮೇಲೆ ಬೀಳುವ ಹಾಗೆ ಅವಳೇ ಇಟ್ಟಿದ್ದಳು.

ಅವನು ಆ ದಿನ ಯಾರ ಮನೆಯ ಮೋರಿಯಲ್ಲಿ ಏನು ಸಿಕ್ಕಿತು ಎಂದು ಹೇಳುವನು. ಒಂದು ಮನೆಯಲ್ಲಿ ಚಮಚ, ಒಂದು ಮನೆಯಲ್ಲಿ ಹಲ್ಲಿನ ಸೆಟ್ಟು. ಅವಳ ಬಳಿ ಅದಕ್ಕಿಂತ ರುಚಿಯಾದ ಸುದ್ದಿಯಿರುತ್ತಿತ್ತು. ಕಾರ್ಖಾನೆಯಲ್ಲಿ ಮ್ಯಾನೇಜರನ ಗಾಜಿನ ಕೋಣೆ ಅವಳ ಮೇಜಿಗೆ ನೇರ ಎದುರು. ಒಳಗೆ ಬಾಗಿಲು ಹಾಕಿಕೊಂಡು ಗುಟ್ಟು ಮಾತಾಡುವವರಿಗೆ ಗಾಜಿನಾಚೆ ಒಬ್ಬಳು ತುಟಿ ಓದುತ್ತಿದ್ದಾಳೆಂಬುದು ಗೊತ್ತೇ ಇರಲಿಲ್ಲ. "ಇವತ್ತು ಮ್ಯಾನೇಜರು ಅವರತ್ತೆಗೆ ಫೋನಲ್ಲಿ ಹೇಗೆ ಹಲ್ಲು ಗಿಂಜಿದ್ರು ಗೊತ್ತಾ?" ಎಂದು ಅವಳು ಶುರು ಮಾಡಿದರೆ ನಲ್ಲಿಯಣ್ಣ ನಕ್ಕು ಮಂಚ ಅಲುಗಾಡಿಸುತ್ತಿದ್ದ.

ಇದರಲ್ಲಿ ಒಂದೇ ಎಡವಟ್ಟು. ನಲ್ಲಿಯಣ್ಣ ಹೆಂಡತಿಯ ಹತ್ತಿರ ಕೂಗಿ ಮಾತಾಡುತ್ತಿದ್ದ. ಕಿವಿ ಕೇಳದವರ ಹತ್ತಿರ ಜೋರಾಗಿ ಮಾತಾಡಬೇಕೆಂದು ಮದುವೆಯ ಹೊಸದರಲ್ಲಿ ಹಿಡಿದ ಅಭ್ಯಾಸ. ಎಷ್ಟು ಜೋರಾದರೂ ಅವಳಿಗೆ ಅಷ್ಟೇ ಎಂದು ತಿಳಿದ ಮೇಲೂ ಅದು ಬಿಡಲಿಲ್ಲ. ಮಂಚದ ತಲೆಯ ಕಡೆಯ ಗೋಡೆಯಾಚೆ ಪಕ್ಕದ ಮನೆಯ ಅಕ್ಕ ಮಲಗುತ್ತಿದ್ದಳು, ಅದೇ ಕಾರ್ಖಾನೆಯ ಪ್ಯಾಕಿಂಗಿನವಳು. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರಲ್ಲ, ಆ ಮನೆಯಲ್ಲಿ ಹೆಂಡತಿಗಿಲ್ಲದ ಕಿವಿ ಗೋಡೆಗಿತ್ತು. "ನಮ್ಮ ಮನೆ ವಿಷಯ ಎಲ್ಲ ಆ ಅಕ್ಕನಿಗೆ ಹೇಗ್ರೀ ಗೊತ್ತಾಗುತ್ತೆ?" ಎಂದು ಹೆಂಡತಿ ಆಗಾಗ ಅಚ್ಚರಿಪಡುತ್ತಿದ್ದಳು. ನಲ್ಲಿಯಣ್ಣ ಸೂರು ನೋಡುತ್ತಿದ್ದ.

ಸೂರು ನೋಡುವ ಅಗತ್ಯವೂ ಬರಬರುತ್ತ ಕಡಿಮೆಯಾಯಿತು, ಯಾಕೆಂದರೆ ಅವನು ಮಾತಿನ ನಡುವೆಯೇ ನಿದ್ದೆಗೆ ಜಾರತೊಡಗಿದ್ದ. ಮೊದಲು ಮಾತು ಮುಗಿದ ಮೇಲೆ, ಆಮೇಲೆ ವಾಕ್ಯ ಮುಗಿದ ಮೇಲೆ, ಕೊನೆಗೆ ಪದ ಅರ್ಧವಿರುವಾಗಲೇ. ಹಗಲಲ್ಲೂ ಅದೇ ಕತೆ. ಒಂದು ಮನೆಯಲ್ಲಿ ಸಿಂಕಿನ ಕೆಳಗೆ ತಲೆ ತೂರಿಸಿ ಮಲಗಿ ಕೆಲಸ ಮಾಡುತ್ತಿದ್ದವನು ಸ್ಪ್ಯಾನರನ್ನು ಎದೆಯ ಮೇಲಿಟ್ಟುಕೊಂಡು ಹಾಗೇ ನಿದ್ದೆ ಹೋದ. ಗೊರಕೆ ಜೋರಾಯಿತು, ಇದ್ದಕ್ಕಿದ್ದಂತೆ ನಿಂತಿತು, ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಮನೆಯಾಕೆ ಚಿಟ್ಟನೆ ಚೀರಿದಳು. ಆ ಚೀರಾಟಕ್ಕೆ ಎಚ್ಚೆತ್ತು ತಲೆಯೆತ್ತಿ ಸಿಂಕಿಗೆ ಹಣೆ ಚಚ್ಚಿಕೊಂಡ. ಹಣೆಯ ಊತ ನೋಡಿದ ಹೆಂಡತಿ ಒಂದು ಮಾತೂ ಕೇಳದೆ ಮರುದಿನ ಅವನನ್ನು ಡಾಕ್ಟರ ಮುಂದೆ ಕೂರಿಸಿದಳು.

"ನಾನು ಚೆನ್ನಾಗೇ ಮಲಗ್ತೀನಿ ಸಾರ್. ಚಿಂತೆಯಿಲ್ಲದವನಿಗೆ ಸಂತೇಲೂ ನಿದ್ದೆ" ಎಂದ ನಲ್ಲಿಯಣ್ಣ.

"ಸುಳ್ಳು" ಎಂದಳು ಹೆಂಡತಿ. "ಇವರು ನಿದ್ದೇಲಿ ಉಸಿರು ನಿಲ್ಲಿಸಿಬಿಡ್ತಾರೆ. ಆಮೇಲೆ ನೀರಲ್ಲಿ ಮುಳುಗಿದವರು ಮೇಲೆ ಬಂದ ಹಾಗೆ ಒಂದೇ ಸಲ ಎಳೀತಾರೆ."

ಅವಳಿಗೆ ಕಿವಿ ಕೇಳದೆಂದು ಅಷ್ಟರಲ್ಲಿ ತಿಳಿದಿದ್ದ ಡಾಕ್ಟರು ಮುಖವನ್ನು ಅವಳ ಕಡೆ ತಿರುಗಿಸಿ, "ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದರು. "ಗೊತ್ತಾಗುತ್ತೆ" ಎಂದಳು, ಅಷ್ಟೇ. ನಲ್ಲಿಯಣ್ಣನಾದರೂ ಹೇಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಒಂದು ರಾತ್ರಿ ಮೈಗೆಲ್ಲ ವೈರು ಅಂಟಿಸಿ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು ವಿಷಯವನ್ನು ಅವನ ಭಾಷೆಯಲ್ಲೇ ಹೇಳಿದರು. ನಿದ್ದೆ ಹತ್ತಿದ ಕೂಡಲೇ ಗಂಟಲ ಹಿಂದಿನ ಭಾಗ ಸಡಿಲಾಗಿ ಕುಸಿದು ಗಾಳಿಯ ದಾರಿ ಮುಚ್ಚುತ್ತದೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ರಾತ್ರಿಯೆಲ್ಲ ಇದೇ ಆಟ, ಅದರಿಂದ ಹೃದಯಕ್ಕೆ ಪೆಟ್ಟು. ಸಿಪ್ಯಾಪ್ ಎಂಬ ಮೆಷೀನು ಮಾಸ್ಕಿನ ಮೂಲಕ ಹಿತವಾಗಿ ಗಾಳಿ ಒತ್ತಿ ಆ ದಾರಿಯನ್ನು ತೆರೆದಿಡುತ್ತದೆ. "ದಿನಾ ಹಾಕಬೇಕು, ರಾತ್ರಿ ಪೂರ್ತಿ ಹಾಕಬೇಕು. ನಿಮ್ಮ ಮೂಗು ಸೊಟ್ಟಗಿದೆ, ಬಾಯಿ ತೆರೆದು ಮಲಗ್ತೀರ. ಸದ್ಯಕ್ಕೆ ಮೂಗು ಬಾಯಿ ಎರಡೂ ಮುಚ್ಚೋ ಮಾಸ್ಕ್ ತಗೊಳ್ಳಿ" ಎಂದರು. ಮೂಗು ಸೊಟ್ಟಗಾದದ್ದು ಕಸುಬು ಕಲಿಯುವಾಗ ಪೈಪು ತಾಗಿ.

ಮಾಸ್ಕಿನ ಅಂಗಡಿಗೆ ಅವನು ಒಬ್ಬನೇ ಹೋದ, ಹೆಂಡತಿಗೆ ರಜೆ ಸಿಗಲಿಲ್ಲ. ಅಂಗಡಿಯಲ್ಲಿದ್ದಾಕೆ ಕನ್ನಡಕದ, ನಿಧಾನ ಮಾತಿನ ಹೆಂಗಸು. ಪಕ್ಕದಲ್ಲಿ ಪರದೆ ಎಳೆದ ಒಂದು ಮಂಚ, ದಿಂಬು. "ಬನ್ನಿ, ಮಲಗಿ ನೋಡಿ. ಹೇಗೆ ಮಲಗ್ತೀರ, ಮೇಲ್ಮುಖನಾ, ಮಗ್ಗುಲಿಗಾ?"

ನಲ್ಲಿಯಣ್ಣ ಹಿಂದೆ ಮುಂದೆ ನೋಡಿದ. ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಹಾಡುಹಗಲಲ್ಲಿ, ಅಪರಿಚಿತ ಹೆಂಗಸಿನ ಮುಂದೆ, ಚಪ್ಪಲಿ ಬಿಟ್ಟು ಮಂಚ ಹತ್ತಿ ಮಲಗುವುದೆ? ಮಲಗಿದರೆ ನಿದ್ದೆ ಬಂದೇ ಬರುತ್ತದೆ, ಬಂದರೆ ಗೊರಕೆ. ಮಾನ ಹೋಗುವುದಕ್ಕೆ ಇನ್ನೇನು ಬೇಕು?

"ಬೇಡ ಮೇಡಂ. ಕೂತ್ರೂ ಇದೇ ಮುಖ, ಮಲಗಿದ್ರೂ ಇದೇ ಮುಖ" ಎಂದು ಕುರ್ಚಿಯಲ್ಲಿ ಕೂತ. ಕೂತವನ ಮುಖಕ್ಕೆ ಮಾಸ್ಕು ಸೊಗಸಾಗಿ ಕೂತಿತು. ಕನ್ನಡಿಯಲ್ಲಿ ನೋಡಿಕೊಂಡು ತನಗೆ ತಾನೇ ಭೇಷ್ ಎಂದುಕೊಂಡು ಮನೆಗೆ ತಂದ.

ಮುಖ ಅದೇ ಇರಬಹುದು, ಆದರೆ ಕೆನ್ನೆ ಅದೇ ಅಲ್ಲ ಎಂಬುದು ಆ ದಿನ ಮಲಗಿದಾಗ ತಿಳಿಯಿತು. ಎಡಮಗ್ಗುಲಿಗೆ ಹೊರಳಿದ ಕೂಡಲೇ ಒಂದು ಕಡೆಯ ಕೆನ್ನೆ ದಿಂಬಿನ ಮೇಲೆ ಮಡಿಚಿಕೊಂಡಿತು, ಇನ್ನೊಂದು ಕಡೆಯದು ಜೋತುಬಿತ್ತು. ದಿಂಬು ಮಾಸ್ಕಿನ ಅಂಚನ್ನು ಪಕ್ಕಕ್ಕೆ ತಳ್ಳಿತು. ಮುಂದುಗಡೆಯ ಕೊಳವೆ ಹಾಸಿಗೆಗೂ ಗದ್ದಕ್ಕೂ ನಡುವೆ ಸಿಕ್ಕಿಕೊಂಡಿತು. ಅಂಚಿನಿಂದ ಗಾಳಿ ಬುಸ್ಸೆಂದು ಸೋರಿ ನೇರ ಹೆಂಡತಿಯ ಕಣ್ಣಿಗೆ ಬಡಿಯಿತು. ಅವಳಿಗೆ ಕಣ್ಣೇ ಕಿವಿ. ಪಾಪ, ರೆಪ್ಪೆ ಪಟಪಟ ಬಡಿದು ಕಣ್ಣೀರು ಒರೆಸಿಕೊಂಡು ಮತ್ತೆ ನೋಡಿದಳು. ಏನಿತ್ತು ನೋಡುವುದಕ್ಕೆ? ಗಂಡನ ಬಾಯಿಯಿದ್ದ ಜಾಗದಲ್ಲಿ ಒಂದು ಪ್ಲಾಸ್ಟಿಕ್ಕಿನ ಬಟ್ಟಲು, ಒಳಗೆಲ್ಲ ಉಸಿರಿನ ಮಂಜು. ಮೀಸೆ ಕೊಟ್ಟು ಗಳಿಸಿದ್ದೆಲ್ಲ ಮಾಸ್ಕಿನ ಪಾಲಾಯಿತು.

ಸೋರಿಕೆ ಎಂದರೆ ನಲ್ಲಿಯಣ್ಣನಿಗೆ ಹೇಳಿಕೊಡಬೇಕೆ? ಪಟ್ಟಿ ಬಿಗಿ ಮಾಡಿದ. ಮತ್ತೊಂದು ಕಡೆಯಿಂದ ಸೋರಿತು. ಇನ್ನಷ್ಟು ಬಿಗಿದ. ಬೆಳಗಾಗುವಷ್ಟರಲ್ಲಿ ಮೂಗಿನ ಮೇಲೆ ಕೆಂಪು ಬರೆ, ಕೆನ್ನೆಯಲ್ಲಿ ಪಟ್ಟಿಯ ಅಚ್ಚು. ಹಗಲು ಕೆಲಸಕ್ಕೆ ಹೋದಲ್ಲೆಲ್ಲ "ಯಾರ ಜೊತೆ ಹೊಡೆದಾಟ ಅಣ್ಣ?" ಎಂದು ಕೇಳಿಸಿಕೊಂಡ. ಬಿಗಿದಷ್ಟೂ ಅಂಚು ಸುಕ್ಕಾಗಿ ಸೋರಿಕೆ ಹೆಚ್ಚುತ್ತಿತ್ತೇ ಹೊರತು ನಿಲ್ಲಲಿಲ್ಲ. ಆದರೂ ಬಿಡಲಿಲ್ಲ, ಬಡಪೆಟ್ಟಿಗೆ ಬಗ್ಗುವ ಆಸಾಮಿಯಲ್ಲ ಅವನು. ಮೂಗಿನ ತೊಗಲು ಕಿತ್ತುಬಂದ ಮೇಲೆ ಮಾತ್ರ ಬೇರೆ ದಾರಿ ಹುಡುಕಿದ. ಮೊದಲು ಮಾತು, ಆಮೇಲೆ ಮಾಸ್ಕು. ಮೆಷೀನನ್ನು ಪಕ್ಕದಲ್ಲಿಟ್ಟುಕೊಂಡು ಎಡಮಗ್ಗುಲಿಗೆ ಮಲಗಿ ಮೋರಿಯ ಸುದ್ದಿ ಶುರು ಮಾಡುವುದು, ಮುಗಿಸಿ ಹಾಕಿಕೊಳ್ಳುವುದು.

ಮುಗಿಸಿದರೆ ತಾನೇ? ಮಾತಿನ ಮಧ್ಯೆ ನಿದ್ದೆ ಅವನನ್ನು ಎತ್ತಿಕೊಂಡು ಹೋಗುತ್ತಿತ್ತು. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು. ಮಾಸ್ಕು ಮೇಜಿನ ಮೇಲೆ ಬಾಯಿ ಬಿಟ್ಟುಕೊಂಡು ಕೂತಿರುತ್ತಿತ್ತು, ಇವನು ಹಾಸಿಗೆಯಲ್ಲಿ. ಹೀಗೇ ದಿನಗಳು ಹೋದವು. ಹೆಂಡತಿ ಏನೂ ಹೇಳಲಿಲ್ಲ. ಹೇಳದಿದ್ದುದನ್ನು ಅವನು ಒಪ್ಪಿಗೆ ಎಂದುಕೊಂಡ.

ಹೇಳಿದವಳು ಪಕ್ಕದ ಮನೆಯ ಅಕ್ಕ. ಒಂದು ಸಂಜೆ ಅವನು ಗೇಟಿನ ಬಳಿ ಸ್ಕೂಟರ್ ನಿಲ್ಲಿಸುತ್ತಿದ್ದಾಗ ಅವಳು ಬಂದು ನಿಂತಳು. ಹೆಂಡತಿ ಆಗಿನ್ನೂ ಕಾರ್ಖಾನೆಯಿಂದ ಬಂದಿರಲಿಲ್ಲ.

"ಅಣ್ಣ, ಇವತ್ತು ದೇವರೇ ಕಾಪಾಡಿದ. ನಿಮ್ಮ ಹೆಂಡತಿ ಕಟಿಂಗ್ ಮಾಡ್ತಾ ಮಾಡ್ತಾ ನಿಂತಲ್ಲೇ ಕಣ್ಣು ಮುಚ್ಚಿಬಿಟ್ಟಿದ್ದಾಳೆ. ಬ್ಲೇಡು ಗೆರೆ ಬಿಟ್ಟು ಕೈ ಕಡೆ ಬಂದಿದೆ. ಆ ಉಕ್ಕಿನ ಗ್ಲೌಸು ಇಲ್ಲದೇ ಇದ್ದಿದ್ರೆ ಬೆರಳು ಇರ್ತಿರಲಿಲ್ಲ."

ನಲ್ಲಿಯಣ್ಣನ ಕೈಯಲ್ಲಿದ್ದ ಕೀ ಕೆಳಗೆ ಬಿತ್ತು. "ಅವಳಾ? ಅವಳು ತೂಕಡಿಸಿದ್ಲಾ?"

"ಇವತ್ತು ಹೊಸದಲ್ಲ ಅಣ್ಣ. ತುಂಬ ದಿನದಿಂದ ಊಟದ ಬಿಡುವಲ್ಲಿ ಬಟ್ಟೆ ಮೂಟೆ ಮೇಲೆ ಬಿದ್ದುಕೊಂಡಿರ್ತಾಳೆ. ಸೂಪರ್‌ವೈಸರ್ ಇವತ್ತು ಹೇಳಿದ್ದಾರೆ, ಇನ್ನೊಂದು ಸಲ ಹೀಗಾದ್ರೆ ಕಟಿಂಗ್ ಮೇಜಿಂದ ತೆಗೀತಾರಂತೆ. ನಿಮ್ಮ ಗೊರಕೆ ಕೇಳೋಳು ನಾನು, ನಿದ್ದೆಗೆಡೋಳು ಅವಳು. ಇದೆಂಥ ಲೆಕ್ಕ?"

ಲೆಕ್ಕ ಅವನಿಗೂ ಸಿಗಲಿಲ್ಲ. ಹೆಂಡತಿ ಬಂದು ಚಪ್ಪಲಿ ಬಿಡುವುದನ್ನೇ ಕಾದು ಅವಳ ಎಡಗೈ ಹಿಡಿದು ತಿರುಗಿಸಿ ನೋಡಿದ. ಬೆರಳಿನ ಮೇಲೆ ನೀಲಿಗಟ್ಟಿದ ಒಂದು ಗೆರೆ, ಗ್ಲೌಸಿನ ಹೆಣಿಗೆಯ ಅಚ್ಚು. ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟೇ ಮೊದಲು ಹೊರಗೆ ಬಂದದ್ದು.

"ರಾತ್ರಿಯೆಲ್ಲ ಏನು ಮಾಡ್ತಿದ್ದೀಯ ನೀನು? ಮಲಗಲ್ವಾ?" ಎಂದು ಕೂಗಿದ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಆ ಕೈಯನ್ನೇ ಅವನ ಎದೆಯ ಮೇಲಿಟ್ಟಳು.

"ಹೀಗೆ ಇಟ್ಟುಕೊಂಡು ಮಲಗಿರ್ತೀನಿ. ಕಿವಿ ಇದ್ದೋರಿಗಾದ್ರೆ ಗೊರಕೆ ನಿಂತ ಕೂಡಲೇ ಎಚ್ಚರ ಆಗುತ್ತಂತೆ. ನನಗೆ ನಿಮ್ಮ ಉಸಿರು ಇದ್ರೂ ಒಂದೇ, ನಿಂತ್ರೂ ಒಂದೇ, ಕೇಳಲ್ಲ. ಕೈಗೆ ಮಾತ್ರ ಗೊತ್ತಾಗೋದು. ಎದೆ ಏಳದೇ ಇದ್ರೆ ಅಲುಗಾಡಿಸ್ತೀನಿ. ನಿದ್ದೆ ಬಂದ್ರೆ ಕೈ ಜಾರಿಬಿಡುತ್ತೆ, ಅದಕ್ಕೇ ಮಲಗೋಕೆ ಭಯ."

"ಎಷ್ಟು ದಿನದಿಂದ?"

"ದಿನ ಏನು ಬಂತು, ವರ್ಷಗಳಾಯ್ತು."

"ಮಾಸ್ಕ್ ಹಾಕ್ಕೊಳ್ಳಿ ಅಂತ ಎಬ್ಬಿಸಬಾರದಿತ್ತಾ?"

"ಎಬ್ಬಿಸಿದ್ರೆ ಬಿಗಿದುಕೊಳ್ತೀರ. ನಿಮ್ಮ ಮೂಗು ನೋಡೋಕಾಗಲ್ಲ ನನಗೆ. ಸ್ವಲ್ಪ ಹೊತ್ತಿಗೆ ಕಿತ್ತು ಬಿಸಾಡ್ತೀರ, ಅದೂ ನನಗೆ ಕೇಳಲ್ಲ." ಅವಳೇ ಮುಂದುವರಿಸಿದಳು: "ಒಂದು ಕೆಲಸ ಮಾಡೋಣ. ಮಲಗೋ ಹೊತ್ತಲ್ಲಿ ಮಾತು ಬೇಡ. ಊಟ ಆದ ಕೂಡಲೇ ನೀವು ಅದನ್ನ ಹಾಕ್ಕೊಂಡು ಮೇಲ್ಮುಖ ಮಲಗಿ. ನಾನು ದೀಪ ಆರಿಸಿಬಿಡ್ತೀನಿ. ಎಷ್ಟು ವರ್ಷ ಮಾತಾಡಿದ್ದೀವಿ, ಸಾಕಲ್ವಾ?"

ಸಾಕು ಎನ್ನುವಾಗ ಅವಳ ದನಿ ಎಂದಿನಂತೆಯೇ ರಾಗ ತಪ್ಪಿತ್ತು, ಮುಖ ಮಾತ್ರ ಸಾಕು ಎನ್ನಲಿಲ್ಲ. ದೀಪ ಆರಿದರೆ ಅವಳ ಪಾಲಿಗೆ ಲೋಕವೇ ಆರಿದಂತೆ ಎಂಬುದು ಅವನಿಗೆ ಗೊತ್ತಿತ್ತು. ತನ್ನ ಉಸಿರಿಗಾಗಿ ಅವಳು ನಿದ್ದೆ ಕೊಟ್ಟಾಗಿತ್ತು, ಈಗ ಮಾತನ್ನೂ ಕೊಡಲು ಹೊರಟಿದ್ದಳು. ತಾನು ಕೊಟ್ಟದ್ದು ಒಂದು ಮೀಸೆ. ನಾಚಿಕೆಯಿಂದ ಅವನಿಗೆ ತಲೆಯೆತ್ತಲಾಗಲಿಲ್ಲ. ಆದರೆ ತಲೆ ತಗ್ಗಿಸಿದರೆ ಅವಳಿಗೆ ತುಟಿ ಕಾಣದು. ಎತ್ತಿಯೇ ಹೇಳಿದ: "ನಾಳೆ ರಜ ಹಾಕು. ಇಬ್ಬರೂ ಅಂಗಡಿಗೆ ಹೋಗೋಣ. ಈ ಸಲ ನಾನು ಮಲಗ್ತೀನಿ."

ಅಂಗಡಿಯ ಹೆಂಗಸು ಅವನ ಮೂಗಿನ ಬರೆ ನೋಡಿ ಎಲ್ಲ ಅರ್ಥ ಮಾಡಿಕೊಂಡಳು. ಬೈಯಲಿಲ್ಲ. "ಚಪ್ಪಲಿ ಬಿಡಿ, ಮಲಗಿ. ಮನೇಲಿ ಹೇಗೆ ಮಲಗ್ತೀರೋ ಹಾಗೇ" ಎಂದಳು.

ಮನೆಯಲ್ಲಿ ಹೇಗೋ ಹಾಗೆ ಎಂದದ್ದನ್ನು ಹೆಂಡತಿ ಓದಿಕೊಂಡಳು. ಅವನು ಎಡಮಗ್ಗುಲಿಗೆ ಒರಗಿದ್ದೇ ತಡ, ಅವಳೂ ಚಪ್ಪಲಿ ಬಿಟ್ಟು ಮಂಚದ ಇನ್ನೊಂದು ಕಡೆಯಿಂದ ಹತ್ತಿ ಎದುರಿಗೆ ಮಲಗಿಬಿಟ್ಟಳು. ಪರದೆಯಾಚೆ ಯಾರೋ ಕಿಸಕ್ಕೆಂದರು. ನಲ್ಲಿಯಣ್ಣನ ಕಿವಿಯವರೆಗೂ ಕೆಂಪೇರಿತು. ಅಂಗಡಿಯಾಕೆಗೂ ನಗು ಬಂದು ಕನ್ನಡಕ ಒರೆಸಿಕೊಂಡಳು. "ಇಷ್ಟು ವರ್ಷದಲ್ಲಿ ಯಾರೂ ಹೀಗೆ ಜೋಡಿಯಾಗಿ ಮಲಗಿ ತೋರಿಸಿರಲಿಲ್ಲ. ಈಗ ಹೇಳಿ, ತೊಂದರೆ ಏನು?"

ಹೇಳಿದವಳು ಹೆಂಡತಿ. "ಇವರು ಮಗ್ಗುಲಿಗೆ ಮಲಗಬೇಕು. ಸೋರಬಾರದು. ನನಗೆ ಇವರ ತುಟಿ ಕಾಣಬೇಕು."

ಅಂಗಡಿಯಾಕೆ ಮೊದಲು ಅವನ ಬಾಯಿ ಮುಚ್ಚಿಸಿ ಬರೀ ಮೂಗಿನಿಂದ ಉಸಿರಾಡಿಸಿದಳು. ಸೊಟ್ಟ ಮೂಗಾದರೂ ದಾರಿ ತೆರೆದೇ ಇತ್ತು. ಡಾಕ್ಟರಿಗೆ ಫೋನು ಮಾಡಿ, ಬಾಯಿ ಮುಚ್ಚದ, ಬರೀ ಮೂಗಿನ ಮಾಸ್ಕು ಹಾಕಿ ನೋಡಬಹುದೇ ಎಂದು ಕೇಳಿದಳು. ನೋಡಲಿ, ಗಾಳಿ ಬಾಯಲ್ಲಿ ಸೋರಿದರೆ ವಾಪಸು ಬರಲಿ ಎಂದರು ಅವರು. ಆಮೇಲೆ ಒಂದೊಂದೇ ಮಾಸ್ಕು ಹೊರಬಂತು. ಮೆಷೀನು ಹಚ್ಚಿಯೇ ಹಾಕಿ ನೋಡಬೇಕು, ಗಾಳಿ ತುಂಬಿದಾಗಲೇ ಅಂಚು ಅರಳಿ ಚರ್ಮಕ್ಕೆ ಕೂರುವುದು ಎಂದಳು.

ಮೂಗನ್ನು ಪೂರ್ತಿ ಮುಚ್ಚುವ ಮಾಸ್ಕು ಮೊದಲು. ಕೊಳವೆ ಮುಂದೆಯೇ ಇದ್ದುದರಿಂದ ಮತ್ತೆ ದಿಂಬಿಗೆ ಸಿಕ್ಕಿ ಎಳೆಯಿತು. ಅಳತೆಗೆ ದೊಡ್ಡದೂ ಆಯಿತು. "ಮೂಗಿಗಿಂತ ಮೂಗುತಿ ಭಾರ" ಎಂದ ನಲ್ಲಿಯಣ್ಣ. ಎರಡನೆಯದು ಮೂಗಿನ ಹೊಳ್ಳೆಗಳೊಳಗೆ ಎರಡು ಮೆತ್ತನೆಯ ತುದಿ ಕೂರಿಸುವಂಥದ್ದು. ಹಗುರವಾಗಿತ್ತು, ಆದರೆ ಸೊಟ್ಟ ಮೂಗಿಗೆ ಒಂದು ಕಡೆ ಒತ್ತಿ ಕಣ್ಣಲ್ಲಿ ನೀರು ಬಂತು. ಮೂರನೆಯದನ್ನು ಅಂಗಡಿಯಾಕೆ ಒಳಗಿನಿಂದ ತಂದಳು. ಮೂಗಿನ ಕೆಳಗೆ ತೊಟ್ಟಿಲಿನ ಹಾಗೆ ಕೂರುವ ಮೆತ್ತನೆಯ ಪಟ್ಟಿ, ಒಳಗೆ ಏನೂ ತೂರುವುದಿಲ್ಲ. ಕೊಳವೆ ಮುಖದ ಮುಂದಿಲ್ಲ. ಎರಡು ಕೆನ್ನೆಯ ಪಕ್ಕದಿಂದ ಗಾಳಿ ಮೇಲೇರಿ, ನೆತ್ತಿಯ ಹತ್ತಿರ ಒಂದಾಗಿ, ಅಲ್ಲಿಂದ ಉದ್ದನೆಯ ಕೊಳವೆ. ಒಂದು ಕೆನ್ನೆಯ ದಾರಿ ದಿಂಬಿಗೆ ಒತ್ತಿ ಮುಚ್ಚಿದರೂ ಇನ್ನೊಂದರಲ್ಲಿ ಗಾಳಿ ಬರುತ್ತದೆ ಎಂದಾಗ ನಲ್ಲಿಯಣ್ಣನ ಕಣ್ಣರಳಿತು. ಎರಡು ಲೈನು ಎಳೆದವನು ಬುದ್ಧಿವಂತನೇ ಸರಿ.

ಹಾಕಿದಾಗ ಅಂಚಿನಲ್ಲಿ ಗಾಳಿ ಬುಸ್ಸೆಂದು ಸೋರಿತು. ಅಭ್ಯಾಸಬಲದಿಂದ ಅವನ ಕೈ ಪಟ್ಟಿಗೆ ಹೋಯಿತು. ಅಂಗಡಿಯಾಕೆ ಕೈ ಹಿಡಿದು ನಿಲ್ಲಿಸಿದಳು. "ಬಿಗಿ ಮಾಡ್ಬೇಡಿ. ಬದಲು ಸಡಿಲ ಮಾಡಿ."

"ಸೋರುತ್ತಲ್ಲ ಮೇಡಂ?"

"ಮಾಡಿ ನೋಡಿ."

ನಂಬಿಕೆಯಿಲ್ಲದೆ ಪಟ್ಟಿಯನ್ನು ಒಂದಿಷ್ಟು ಸಡಿಲ ಮಾಡಿದ. ಬುಸ್ಸೆನ್ನುತ್ತಿದ್ದದ್ದು ನಿಂತಿತು. ನಲ್ಲಿಯಣ್ಣ ಮಿಕಮಿಕ ನೋಡಿದ. ಅಷ್ಟು ವರ್ಷದ ವೇದವಾಕ್ಯವನ್ನು ಒಂದು ಬೆರಳುದ್ದದ ರಬ್ಬರು ಸುಳ್ಳು ಮಾಡಿತ್ತು. ಪಾಪ, ಅವನಿಗೆ ಅವಮಾನಕ್ಕಿಂತ ಕುತೂಹಲವೇ ಹೆಚ್ಚಾಯಿತು. ಸಡಿಲ ಮಾಡಿದ, ಬಿಗಿದ, ಮತ್ತೆ ಸಡಿಲ ಮಾಡಿದ.

"ಹೇಗಿದೆ?" ಎಂದಳು ಹೆಂಡತಿ ಎದುರಿನಿಂದ. ಅವನ ತುಟಿಗಳು ಪೂರ್ತಿ ಬಯಲಲ್ಲಿದ್ದವು. ಅವಳ ಕಣ್ಣು ಅಲ್ಲೇ ನೆಟ್ಟಿತ್ತು.

ಚೆನ್ನಾಗಿದೆ ಎನ್ನಲು ಎಂದಿನಂತೆ ದೊಡ್ಡದಾಗಿ ಬಾಯಿ ತೆರೆದ. ಮೂಗಿನಿಂದ ಬಂದ ಗಾಳಿಯೆಲ್ಲ ಬಾಯಿಂದ ಹೊರನುಗ್ಗಿ, ಒಣಗಿದ ನಲ್ಲಿ ತಿರುಗಿಸಿದಾಗ ಬರುತ್ತದಲ್ಲ ಅಂಥದೊಂದು ಗೊರಗೊರ ಸದ್ದು ಬಂತು. ಗಾಬರಿಯಾಗಿ ಬಾಯಿ ಮುಚ್ಚಿದ. ಮತ್ತೆ ತೆರೆದ, ಮತ್ತೆ ಅದೇ. ಅವನ ಮುಖ ಬಾಡಿತು. ಇಷ್ಟೆಲ್ಲ ಮಾಡಿಯೂ ಮಾತು ಹೋಯಿತಲ್ಲ! ಗಂಟಲು ತೋರಿಸಿ, ಕೈ ಆಡಿಸಿ, ದನಿ ಬರುವುದಿಲ್ಲ ಎಂದು ಹೆಂಡತಿಗೆ ಸನ್ನೆ ಮಾಡಿದ.

ಅವಳು ಹುಬ್ಬು ಗಂಟಿಕ್ಕಿದಳು. "ದನಿ ಯಾಕೆ? ದನಿ ತಗೊಂಡು ನಾನೇನು ಮಾಡ್ಲಿ? ತುಟಿ ಆಡಿಸಿ, ಸಾಕು."

ಅಂಗಡಿಯಾಕೆಗೆ ಈಗ ಅರ್ಥವಾಗಿ, ಅವಳ ಕಡೆ ಮುಖ ಮಾಡಿ, "ಯಾಕಮ್ಮ, ಮನೇಲಿ ಇವರು ಜೋರಾಗಿ ಮಾತಾಡ್ತಾರಾ?" ಎಂದಳು.

"ನನಗೇನು ಗೊತ್ತು?" ಎಂದಳು ಹೆಂಡತಿ. ಮರುಕ್ಷಣ ಅವಳ ಕಣ್ಣು ದೊಡ್ಡದಾಯಿತು. "ಪಕ್ಕದ ಮನೆ ಅಕ್ಕ! ಅಯ್ಯೋ ನಿಮ್ಮ... ಇಷ್ಟು ವರ್ಷ ಕೂಗಾಡ್ತಿದ್ರಾ ನೀವು?" ಎಂದು ಮಲಗಿದಲ್ಲಿಂದಲೇ ಅವನ ಭುಜಕ್ಕೆ ಗುದ್ದಿದಳು. ಗುದ್ದುತ್ತ ಗುದ್ದುತ್ತ ನಕ್ಕಳು. ಪರದೆಯಾಚೆ ನಾಲ್ಕು ಜನವಲ್ಲ, ಊರೇ ಇದ್ದರೂ ಕೇಳುವಷ್ಟು ಜೋರಾಗಿ ನಕ್ಕಳು.

ನಗು ನಿಂತ ಮೇಲೆ ಅಂಗಡಿಯಾಕೆ ಗಾಳಿಯನ್ನು ತಗ್ಗಿಸಿದಳು. ಮೊದಮೊದಲು ಸಣ್ಣಗೆ ಬಂದು ನಿದ್ದೆ ಹತ್ತುವ ಹೊತ್ತಿಗೆ ಏರುವ ಹಾಗೆ ಮಾಡಿಕೊಡುವುದಾಗಿ, ಆಗ ತುಟಿ ಆಡಿಸಲು ಕಷ್ಟವಾಗದೆಂದು ಹೇಳಿದಳು. ನಲ್ಲಿಯಣ್ಣ ಹೆಂಡತಿಯ ಮುಖ ನೋಡಿ, ದನಿಯಿಲ್ಲದೆ, ನಿಧಾನವಾಗಿ ತುಟಿ ಆಡಿಸಿದ. ನೀನು ಕೈ ಇಟ್ಟು ಕಾದಿದ್ದಕ್ಕೇ ನಾನಿನ್ನೂ ಇದ್ದೀನಿ ಕಣೇ ಎಂದ. ಮದುವೆಯಾದಾಗಿನಿಂದ ಇಂಥದೊಂದು ಮಾತು ಅವನ ಬಾಯಿಂದ ಬಂದಿರಲಿಲ್ಲ. ಪ್ರೀತಿ ಇರಲಿಲ್ಲವೆಂದಲ್ಲ. ಇಂಥ ಮಾತನ್ನು ಕೂಗಿ ಹೇಳುವುದು ಹೇಗೆ?

"ಏನಂದ್ರು?" ಎಂದು ಅಂಗಡಿಯಾಕೆ ಕೇಳಿದಳು.

"ಅದು ನಿಮಗಲ್ಲ" ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತೆಂದರೆ ಅದು ಕಟ್ಟುಕತೆಯಾದೀತು. ಮೊದಲ ಕೆಲವು ರಾತ್ರಿ ಬಾಯಿ ತೆರೆದುಕೊಂಡು ನಾಲಿಗೆ ಒಣಗಿ ಎದ್ದ. ಮೂಗನ್ನು ಉಪ್ಪುನೀರಿನಲ್ಲಿ ತೊಳೆದುಕೊಳ್ಳುವುದು, ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಾಗಿಲು ಹಾಕುವುದು ಕಲಿತ. ಕೊಳವೆ ಕತ್ತಿಗೆ ಸುತ್ತದಂತೆ ಮಂಚದ ತಲೆಗೆ ಒಂದು ಕ್ಲಾಂಪು ಹೊಡೆದ. ಅದೊಂದನ್ನು ಬಿಗಿ ಮಾಡಲು ಯಾರ ಅಡ್ಡಿಯೂ ಇರಲಿಲ್ಲ. ಮಾತಾಡುತ್ತ ನಿದ್ದೆ ಹೋದರೂ ಚಿಂತೆಯಿರಲಿಲ್ಲ, ಮಾಸ್ಕು ಮೊದಲೇ ಮೂಗಿನ ಕೆಳಗೆ ಇರುತ್ತಿತ್ತು. ಪಕ್ಕದ ಮನೆಯ ಅಕ್ಕ ಮಾತ್ರ, "ಏನಣ್ಣ, ಅವಳ ಜೊತೆ ಮಾತು ಬಿಟ್ಟಿದ್ದೀರಾ? ಜಗಳಾನಾ?" ಎಂದು ಆತಂಕದಿಂದ ಕೇಳಿದಳು. ಮೋರಿಯ ಸುದ್ದಿ ಸಿಗದೆ ಅವಳಿಗೂ ನಿದ್ದೆ ಬರುತ್ತಿರಲಿಲ್ಲವೇನೋ.

ಹೆಂಡತಿಯ ಕೈ ಮಾತ್ರ ಅವನ ಎದೆ ಬಿಡಲಿಲ್ಲ. ಮೆಷೀನಿನ ಮೇಲೆ ಕೈಗಿರುವಷ್ಟು ನಂಬಿಕೆ ಅವಳಿಗೆ ಬಂದಿರಲಿಲ್ಲ. "ಮಲಗೇ, ಈಗ ನಿಲ್ಲಲ್ಲ" ಎಂದು ಅವನು ತುಟಿ ಆಡಿಸುವನು. "ಹೂಂ, ನೀವು ಮಲಗಿ" ಎನ್ನುವಳು. ಬೆಳಿಗ್ಗೆ ಅವಳ ಕಣ್ಣ ಕೆಳಗಿನ ಕಪ್ಪು ಹಾಗೇ ಇರುತ್ತಿತ್ತು. ಅವಳು ಕೆಲಸಕ್ಕೆ ಹೊರಟಾಗೆಲ್ಲ ಅವನ ಜೀವ ಆ ಬ್ಲೇಡಿನ ತುದಿಯಲ್ಲಿರುತ್ತಿತ್ತು. ತಾನು ಆರಾಮವಾಗಿ ಮಲಗಿ ಏನು ಬಂತು ಎಂದು ಕೊರಗಿದ.

ಒಂದು ಬೆಳಿಗ್ಗೆ ಅವನಿಗೆ ಎಚ್ಚರವಾದಾಗ ಎದೆಯ ಮೇಲೆ ಕೈಯಿರಲಿಲ್ಲ. ಕಿಟಕಿಯಲ್ಲಿ ಬೆಳಕು ಏರಿ ಬಂದಿತ್ತು, ಕಾರ್ಖಾನೆಯ ಹೊತ್ತು ಮೀರುತ್ತಿತ್ತು. ಎದುರಿಗೆ ಅವಳ ಮುಖವೂ ಇರಲಿಲ್ಲ. ಇದ್ದದ್ದು ಬೆನ್ನು. ಮದುವೆಯಾದಾಗಿನಿಂದ ಅವಳು ಅವನಿಗೆ ಬೆನ್ನು ಹಾಕಿ ಮಲಗಿದ್ದೇ ಇಲ್ಲ. ಮುನಿಸಿಕೊಂಡಳೇ? ಮೈ ಹುಷಾರಿಲ್ಲವೇ? ಮಾಸ್ಕು ಕಿತ್ತಿಟ್ಟು, ಮೆಷೀನು ಆರಿಸಿ, ಅವಳ ಭುಜ ಮುಟ್ಟಲು ಕೈ ಚಾಚಿದ.

ಮೆಷೀನು ನಿಂತ ಮೇಲೆ ಆ ಸದ್ದು ಕೇಳಿಸಿತು. ಸಣ್ಣಗೆ, ಎಳೆದು ಬಿಡುವ ಹಾಗೆ, ನಡುವೆ ಒಂದು ಪುಟ್ಟ ಸೀಟಿ. ಕೋಣೆಯಲ್ಲಿ ಎಲ್ಲಿ ಏನು ಸೋರುತ್ತಿದೆ ಎಂದು ಅವನು ಒಂದು ಗಳಿಗೆ ಸುತ್ತ ನೋಡಿದ. ಸೋರುತ್ತಿರಲಿಲ್ಲ. ಅವನ ಹೆಂಡತಿ ಗೊರಕೆ ಹೊಡೆಯುತ್ತಿದ್ದಳು.

ಅವಳಿಗೆ ಗೊರಕೆ ಬರುತ್ತದೆಂಬುದೇ ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಗಾಢವಾಗಿ ಅವಳು ಅವನ ಮಗ್ಗುಲಲ್ಲಿ ಮಲಗಿದ್ದರೆ ತಾನೇ? ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಫೋನು ತೆಗೆದು, ಅವಳಿಗೆ ಇವತ್ತು ರಜೆ ಎಂದು ಹೇಳಿಬಿಡಿ ಅಂತ ಪಕ್ಕದ ಮನೆಯ ಅಕ್ಕನಿಗೆ ಪಿಸುಗುಟ್ಟಿದ. "ಯಾಕಣ್ಣ, ಹುಷಾರಿಲ್ವಾ?" ಎಂದಳು ಅವಳು ಗಾಬರಿಯಿಂದ.

"ಹಾಗೇನಿಲ್ಲಕ್ಕ. ಮಲಗಿದ್ದಾಳೆ" ಎಂದ ನಲ್ಲಿಯಣ್ಣ.